ಮೊದಲು ತೊಡೆಗೆ ಸೂಜಿ, ಆಮೇಲೆ ಕಲಬುರಗಿ

ನಮ್ಮ ಕಡೆಯ ದವಾಖಾನೆಗಳಲ್ಲಿ ಅತಿ ಹೆಚ್ಚು ಖರ್ಚಾಗುವ ಔಷಧ ಯಾವುದು ಎಂದು ಯಾರಾದರೂ ಕೇಳಿದರೆ ನಾನು 'ಕಲಬುರಗಿ' ಅನ್ನುತ್ತೇನೆ. ಎದೆನೋವಿಗೆ ಕಲಬುರಗಿ, ಕಷ್ಟದ ಹೆರಿಗೆಗೆ ಕಲಬುರಗಿ, ಹಾವು ಕಡಿದರೂ ಕಲಬುರಗಿ. "ಇಲ್ಲಿ ಆಗಂಗಿಲ್ರಿ, ಕಲಬುರ್ಗಿಗೆ ಒಯ್ರಿ" ಎಂದು ಚೀಟಿ ಬರೆದುಕೊಟ್ಟರೆ ಚಿಕಿತ್ಸೆ ಮುಗಿಯಿತು. ಶಹಾಬಾದಿನಿಂದ ಕಲಬುರಗಿಗೆ ಮುಕ್ಕಾಲು ತಾಸು. ವಾಡಿ, ಚಿತ್ತಾಪುರದಿಂದ ಒಂದು ತಾಸು ಹಿಡಿಯಿರಿ. ಸೇಡಂನಿಂದ ಅದಕ್ಕಿಂತ ಹೆಚ್ಚು, ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಸಾಲು ಸಿಕ್ಕರೆ ಇನ್ನೂ ಹೆಚ್ಚು. ಚಿಂಚೋಳಿಯಿಂದ ಎರಡು ತಾಸು. ಕುಂಚಾವರಂ ಕಾಡಿನ ಅಂಚಿನ ತಾಂಡಾದವರು ಮೊದಲು ಚಿಂಚೋಳಿಗೆ ಬಂದು ಮುಟ್ಟಬೇಕು. ಮಳೆಗಾಲದಲ್ಲಿ ಕಾಗಿಣಾ ತುಂಬಿ ಸೇತುವೆ ಮುಳುಗಿದರೆ ಈ ಲೆಕ್ಕವೆಲ್ಲ ಅಳಿಸಿಹೋಗುತ್ತದೆ.

ಬಹಳಷ್ಟು ಕಾಯಿಲೆಗಳು ಈ ದಾರಿಯನ್ನು ಹೇಗೋ ತಾಳಿಕೊಳ್ಳುತ್ತವೆ. ಏಕಾಏಕಿ ಬಾತ ನಾಲಿಗೆ ತಾಳಿಕೊಳ್ಳುವುದಿಲ್ಲ.

2000ನೇ ಇಸವಿಯಲ್ಲಿ ಇಂಗ್ಲೆಂಡಿನ ರಿಚರ್ಡ್ ಪಂಫ್ರಿ ಎಂಬ ವೈದ್ಯರು ತಮ್ಮ ದೇಶದಲ್ಲಿ ತೀವ್ರ ಅಲರ್ಜಿಯಿಂದ ಸತ್ತವರ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿದರು. ತಿಂದದ್ದು ಆಗಿಬರದೆ ಉಸಿರೋ ಹೃದಯವೋ ನಿಂತವರಿಗೆ ಸಿಕ್ಕಿದ್ದ ಸಮಯ ಸುಮಾರು 30 ನಿಮಿಷ, ಜೇನು-ಕಣಜ ಕಚ್ಚಿದವರಿಗೆ 15 ನಿಮಿಷ, ಚಿಕಿತ್ಸೆಗೆಂದು ಕೊಟ್ಟ ಔಷಧವೇ ಮುಳುವಾದವರಿಗೆ 5 ನಿಮಿಷ. ಇವು ನಡುವಿನ ಅಂಕಿಗಳು. ಅಂದರೆ ಅರ್ಧ ಜನರಿಗೆ ಅಷ್ಟೂ ಸಿಕ್ಕಿರಲಿಲ್ಲ. ಈಗ ಮೇಲಿನ ತಾಸುಗಳ ಪಕ್ಕದಲ್ಲಿ ಈ ನಿಮಿಷಗಳನ್ನಿಟ್ಟು ನೋಡಿ. ಸೇಡಂನಿಂದ ಹೊರಟ ಗಾಡಿ ಮಳಖೇಡ ದಾಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಾನು ಡಾಕ್ಟರಲ್ಲ. ಈ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾಗಿ ಶಹಾಬಾದಿನಲ್ಲಿ ಇದ್ದೇನೆ. ಆದರೆ ರಾತ್ರಿ ಪಾಳಿಯಲ್ಲಿ ಬಾಗಿಲು ಬಡಿದವರ ಮುಖವನ್ನು ಮೊದಲು ನೋಡುವವರು ನಾವು. ಡಾಕ್ಟರು ಕ್ವಾರ್ಟರ್ಸಿನಿಂದ ಬರುವ ತನಕ ಟ್ರೇ ಜೋಡಿಸುವವರೂ ನಾವು. ಆ ಟ್ರೇಯಲ್ಲಿ ಯಾವ ಆಂಪ್ಯೂಲ್ ಮುಂದೆ ಇರಬೇಕು ಎಂಬ ಬಗ್ಗೆ ನನಗೊಂದು ಹಟವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲರ್ಜಿ ಎಂದೊಡನೆ ನಮ್ಮಲ್ಲಿ ಕೈ ಹೋಗುವುದು ಎವಿಲ್ ಮತ್ತು ಡೆಕ್ಸಾಗೆ. ಎರಡೂ ಒಳ್ಳೆಯ ಔಷಧಗಳೇ. ಎವಿಲ್ ತುರಿಕೆ ಇಳಿಸುತ್ತದೆ, ಸ್ವಲ್ಪ ನಿದ್ದೆಯನ್ನೂ ತರುತ್ತದೆ. ಡೆಕ್ಸಾ ಕೆಲಸ ಶುರುಮಾಡಲು ತಾಸುಗಟ್ಟಲೆ ಬೇಕು. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವ ಶಕ್ತಿ ಎರಡಕ್ಕೂ ಇಲ್ಲ. ಆ ಕೆಲಸ ಮಾಡುವುದು ಅಡ್ರಿನಲಿನ್. ಸೋರುತ್ತಿರುವ ರಕ್ತನಾಳಗಳನ್ನು ಬಿಗಿದು ಬಾವು ಇಳಿಸುತ್ತದೆ, ಶ್ವಾಸನಾಳವನ್ನು ಅಗಲಿಸುತ್ತದೆ, ಕುಸಿದ ಬಿ.ಪಿ. ಎತ್ತುತ್ತದೆ. ದೊಡ್ಡವರಿಗೆ ಅರ್ಧ ಮಿಲಿ, ಅಂದರೆ ಒಂದು ಮಿಲಿಗ್ರಾಮಿನ ಆಂಪ್ಯೂಲಿನ ಅರ್ಧ. ಚುಚ್ಚಬೇಕಾದದ್ದು ತೊಡೆಯ ಹೊರಮಗ್ಗುಲಿನ ಮಾಂಸಖಂಡಕ್ಕೆ, ಅವಸರವಿದ್ದರೆ ಬಟ್ಟೆಯ ಮೇಲಿನಿಂದಲೇ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ. ಮಕ್ಕಳಿಗೆ ತೂಕದ ಲೆಕ್ಕ: ಕಿಲೋಗೆ 0.01 ಮಿಲಿಗ್ರಾಂ. ಆಂಪ್ಯೂಲಿನ ಬೆಲೆ ಕೆಲವೇ ರೂಪಾಯಿ.

ಇಷ್ಟು ಅಗ್ಗದ, ಇಷ್ಟು ಹಳೆಯ ಔಷಧಕ್ಕೆ ಇಷ್ಟೊಂದು ಹೆದರಿಕೆ ಯಾಕೆ? "ಅಡ್ರಿನಲಿನ್ ಕೊಟ್ಟರೆ ಹಾರ್ಟ್ ನಿಲ್ತದ" ಎಂಬ ಮಾತನ್ನು ನಾನು ಆಯಾಗಳಿಂದ ಹಿಡಿದು ಎಂ.ಬಿ.ಬಿ.ಎಸ್. ಮುಗಿಸಿ ಬಂದ ಹುಡುಗರವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಈ ಹೆದರಿಕೆಯ ಮೂಲ ರಕ್ತನಾಳ. ಅದೇ ಆಂಪ್ಯೂಲನ್ನು ತೆಳು ಮಾಡದೆ ನೇರವಾಗಿ ಐ.ವಿ. ಕೊಟ್ಟರೆ ಹೃದಯ ಅಡ್ಡಾದಿಡ್ಡಿ ಬಡಿಯುತ್ತದೆ, ಅನಾಹುತ ಆಗಿರುವುದೂ ಉಂಟು. ತೊಡೆಯ ಮಾಂಸಕ್ಕೆ ಕೊಟ್ಟ ಅರ್ಧ ಮಿಲಿ ಹಾಗಲ್ಲ. ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಮುಖ ಬಿಳಿಚುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಇಂಥ ಹೊತ್ತಿನಲ್ಲಿ ಅದನ್ನು ತಡೆಹಿಡಿಯಬಾರದು ಎಂದೇ ಎಲ್ಲ ಮಾರ್ಗಸೂಚಿಗಳು ಹೇಳುತ್ತವೆ.

ಇನ್ನೂ ಒಂದು ಮಾತು ಓದುಗರಿಗೆ ಗೊತ್ತಿರಲಿ. ಗುರುವಾರ ಅಂಗನವಾಡಿಗೆ ಲಸಿಕೆ ಹಾಕಲು ಬರುವ ಎ.ಎನ್.ಎಂ. ತಂಗಿಯ ಚೀಲದಲ್ಲಿ ಒಂದು ಸಣ್ಣ ಕಿಟ್ ಇರುತ್ತದೆ, ಅದರಲ್ಲಿ ಅಡ್ರಿನಲಿನ್ ಇರುತ್ತದೆ. ಲಸಿಕೆಯ ನಂತರ ಮಗುವಿಗೆ ತೀವ್ರ ಅಲರ್ಜಿ ಎಂದು ಅನುಮಾನ ಬಂದರೆ ಡಾಕ್ಟರಿಗೆ ಕಾಯದೆ ಒಂದು ಡೋಸ್ ಕೊಡಲು ಸರ್ಕಾರವೇ ಆಕೆಗೆ ಅನುಮತಿ ಕೊಟ್ಟಿದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡು ನಾವೆಲ್ಲ ಅರ್ಧ ತಾಸು ಬೆಂಚಿನ ಮೇಲೆ ಕೂತದ್ದೂ ಇದೇ ಕಾರಣಕ್ಕೆ. ಹಳ್ಳಿಯ ಎ.ಎನ್.ಎಂ. ಕೊಡಬಹುದಾದ ಸೂಜಿಗೆ ಪಟ್ಟಣದ ಕ್ಲಿನಿಕ್ಕುಗಳು ಹೆದರುವುದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ತೊಗರಿ ಕೊಯ್ಲಿನ ಕಾಲದ ಒಂದು ಸಂಗತಿ ಹೇಳುತ್ತೇನೆ. ಬೆನ್ನುನೋವಿಗೆಂದು ಊರಲ್ಲಿ ಯಾರದೋ ಹತ್ತಿರ ಸೂಜಿ ಹಾಕಿಸಿಕೊಂಡ ಹೆಣ್ಣುಮಗಳೊಬ್ಬಳನ್ನು ಮೋಟರ್‌ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ತಂದರು. ನಮ್ಮ ಕಡೆ ನೋವಿನ ಸೂಜಿ ಅಂದರೆ ಹೆಚ್ಚಾಗಿ ಡೈಕ್ಲೋಫೆನಾಕ್. ಮೈತುಂಬ ದದ್ದು, ತುಟಿ ದಪ್ಪ, ನಾಲಿಗೆ ಹಲ್ಲಿನ ಸಾಲಿನಿಂದ ಹೊರಗೆ. ಡ್ಯೂಟಿಯಲ್ಲಿದ್ದ ಡಾಕ್ಟರು ಬಳ್ಳಾರಿ ಕಡೆಯ ಹುಡುಗ, ಹೊಸಬ. ಮಾತೇ ಆಡದೆ ಸೀರೆಯ ಮೇಲಿನಿಂದಲೇ ತೊಡೆಗೆ ಅರ್ಧ ಮಿಲಿ ಕೊಟ್ಟ, ಆಮೇಲೆ ಕಾಲಿನ ಕಡೆ ಮಂಚ ಎತ್ತಿಸಿದ, ಆಕ್ಸಿಜನ್, ಸಲಾಯಿನ್. ಎರಡನೇ ಡೋಸ್ ಬೇಕಾಯಿತು. ಗೋಡೆಯ ಗಡಿಯಾರದಲ್ಲಿ ಕಾಲು ತಾಸು ಆಗುವಷ್ಟರಲ್ಲಿ ಆಕೆ "ನೀರು ಕೊಡ್ರಿ" ಅಂದಳು, ಮಾತು ತಿಳಿಯುವ ಹಾಗೆ. ಎವಿಲ್ ಆಮೇಲೆ ಕೊಟ್ಟೆವು. ಒಂದು ಸಲ ಇಳಿದ ಬಾವು ಕೆಲವರಲ್ಲಿ ತಾಸುಗಳ ನಂತರ ಮತ್ತೆ ಏರುತ್ತದೆ, ಹಾಗಾಗಿ ಮನೆಗೆ ಕಳಿಸದೆ ರಾತ್ರಿಯೆಲ್ಲ ಇಟ್ಟುಕೊಂಡೆವು. ಕಲಬುರಗಿಗೆ ಹೋಗುವ ಪ್ರಮೇಯವೇ ಬರಲಿಲ್ಲ.

ಹೆಜ್ಜೇನು ಕಚ್ಚಿದವರ ಕಥೆಯೂ ಹೀಗೆಯೇ. ಕಬ್ಬಿನ ಹಾಲು, ಸೇಂದಿ ಕುಡಿಯುವಾಗ ಬಾಯೊಳಗೆ ಹುಳ ಹೋಗಿ ನಾಲಿಗೆಗೇ ಕಚ್ಚುವುದುಂಟು. ಅವರಲ್ಲಿ ಮೈಮೇಲೆ ಒಂದು ದದ್ದೂ ಇರದೆ ನಾಲಿಗೆ ಮಾತ್ರ ಊದಿರುತ್ತದೆ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಒಳ್ಳೆಯದಾಯಿತು. ಹಾವಿನ ವಿಷಕ್ಕೆ ಕೊಡುವ ಎ.ಎಸ್.ವಿ. ಕುದುರೆಯ ರಕ್ತದಿಂದ ಮಾಡಿದ್ದು, ಅದು ಹಲವರಿಗೆ ಆಗಿಬರುವುದಿಲ್ಲ. ಅದನ್ನು ಹಚ್ಚುವಾಗ ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್ ಸಿದ್ಧವಿರಬೇಕು ಎಂಬ ಪಾಠವನ್ನು ನಮ್ಮ ಆಸ್ಪತ್ರೆಗಳು ಕಲಿತಿವೆ. ಹಾವಿನ ಕೇಸಿನಲ್ಲಿ ಬರುವ ಆ ಧೈರ್ಯ ಬೇರೆ ಕೇಸಿನಲ್ಲಿ ಎಲ್ಲಿಗೆ ಹೋಗುತ್ತದೆ?

ಉತ್ತರ ನನಗೆ ಗೊತ್ತು, ಅದನ್ನು ಹೇಳದೆ ಡಾಕ್ಟರುಗಳನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ಹಾವು ಕಡಿದವನು ಸತ್ತರೆ ಹಾವಿನಿಂದ ಸತ್ತ ಅನ್ನುತ್ತಾರೆ. ನಾಲಿಗೆ ಬಾತವನು ಸೂಜಿ ಕೊಟ್ಟ ಮೇಲೆ ಸತ್ತರೆ "ಸೂಜಿ ಕೊಟ್ಟು ಕೊಂದ್ರು" ಅನ್ನುತ್ತಾರೆ. ಬಾಗಿಲ ಮುಂದೆ ಇಪ್ಪತ್ತು-ಮೂವತ್ತು ಜನ, ಕೆಲವರ ಕೈಯಲ್ಲಿ ಮೊಬೈಲ್ ಕ್ಯಾಮೆರಾ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಶಿಕ್ಷೆ ಎಂದು ರಾಜ್ಯದಲ್ಲಿ 2009ರಿಂದ ಕಾಯ್ದೆ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್, ಒಬ್ಬ ಡಿ ಗ್ರೂಪಿನವನು ಇರುವ ಕಟ್ಟಡದಲ್ಲಿ ಕಾಯ್ದೆಯ ಪುಸ್ತಕ ಅಡ್ಡ ಬರುವುದಿಲ್ಲ. ರೆಫರ್ ಚೀಟಿ ಅಡ್ಡ ಬರುತ್ತದೆ. ಮನೆಯವರೂ ಅದನ್ನೇ ಬಯಸುತ್ತಾರೆ, "ಸುಮ್ಮ ಬರದು ಕೊಡ್ರಿ, ನಾವು ದೊಡ್ಡ ದವಾಖಾನಿಗೆ ಒಯ್ತೀವಿ" ಅನ್ನುತ್ತಾರೆ. ಹೆದರಿಕೆ ಎರಡೂ ಕಡೆ ಕೂಡಿ ಚೀಟಿ ಬರೆಸುತ್ತದೆ. ಬರೆಯಲಿ, ನನ್ನ ತಕರಾರಿಲ್ಲ. ಮೊದಲು ತೊಡೆಗೆ ಸೂಜಿ ಹಾಕಿ, ಹಾಕಿದ ಹೊತ್ತನ್ನು ಅದೇ ಚೀಟಿಯಲ್ಲಿ ಬರೆದು ಕಳಿಸಲಿ. ಆ ಒಂದು ಸಾಲು ಡಾಕ್ಟರನ್ನೂ ಕಾಯುತ್ತದೆ.

ಇಲ್ಲಿಗೆ ಅಲರ್ಜಿಯ ಮಾತಾಯಿತು. ಆದರೆ ನಾಲಿಗೆ ಬಾಯುವುದೆಲ್ಲ ಅಲರ್ಜಿಯಲ್ಲ. ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ.

ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಸೊಸೆ ಬೆಳಗಿನ ಜಾವ ಕರೆತಂದಳು. "ಸಿಸ್ಟರ್, ಮಾವಗ ಎದ್ದಾಗಿಂದ ನಾಲಿಗಿ ಬಾತದ್ರಿ, ಮಾತೇ ತಿಳೀವಲ್ದು." ಮೈಮೇಲೆ ದದ್ದಿಲ್ಲ, ತುರಿಕೆಯಿಲ್ಲ, ದಮ್ಮಿಲ್ಲ, ಬಿ.ಪಿ. ಸರಿಯಾಗಿದೆ. ನಾಲಿಗೆಯ ಒಂದು ಮಗ್ಗುಲು ಮಾತ್ರ ಉಬ್ಬಿ ಬಾಯಿ ತುಂಬಿದೆ. ಏನು ತಿಂದಿದ್ದಿರಿ ಎಂದು ಕೇಳಿದರೆ ರಾತ್ರಿಯ ರೊಟ್ಟಿ, ಪುಂಡಿಪಲ್ಯ. ಮನೆಯವರೆಲ್ಲ ಪುಂಡಿಪಲ್ಯದ ಮೇಲೆ ಅಪವಾದ ಹೊರಿಸಿಯಾಗಿತ್ತು. ಅಜ್ಜನ ಅಂಗಿಯ ಕಿಸೆಯಲ್ಲಿ ಗುಳಿಗೆಯ ಸ್ಟ್ರಿಪ್ ಇತ್ತು: ಎನಲಾಪ್ರಿಲ್. ಬಿ.ಪಿ.ಗೆಂದು ವರ್ಷಗಳಿಂದ ನುಂಗುತ್ತಿದ್ದದ್ದು. ಅದಕ್ಕೂ ಮುಂಚೆ ಒಂದೆರಡು ಸಲ ತುಟಿ ಬಾತು ತಾನೇ ಇಳಿದಿತ್ತಂತೆ. ಪ್ರತಿ ಸಲವೂ ಎವಿಲ್ ಸೂಜಿ, ಪ್ರತಿ ಸಲವೂ ಮಾರನೆಯ ದಿನ ಅದೇ ಗುಳಿಗೆ.

ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್. 'ಪ್ರಿಲ್' ಎಂದು ಮುಗಿಯುವ ಈ ಗುಳಿಗೆಗಳು ಬಿ.ಪಿ.ಗೂ ಸೋತ ಹೃದಯಕ್ಕೂ ಸಕ್ಕರೆ ಕಾಯಿಲೆಯವರ ಕಿಡ್ನಿಗೂ ಬಹಳ ಉಪಕಾರಿ. ಇವುಗಳ ವಂಶವೃಕ್ಷದ ಬುಡದಲ್ಲಿ ಒಂದು ಹಾವಿದೆ ಎಂದರೆ ನಮ್ಮ ಕಡೆಯವರು ನಂಬಲಿಕ್ಕಿಲ್ಲ. 1949ರಲ್ಲಿ ಬ್ರೆಜಿಲ್‌ನ ರೋಶಾ ಇ ಸಿಲ್ವಾ ಮತ್ತು ಸಂಗಡಿಗರು ಅಲ್ಲಿಯ ಜರಾರಾಕಾ ಎಂಬ ವಿಷದ ಹಾವಿನ ಮೇಲೆ ಕೆಲಸ ಮಾಡುವಾಗ ಬ್ರಾಡಿಕೈನಿನ್ ಎಂಬ ವಸ್ತುವನ್ನು ಕಂಡರು. ಅದು ನಮ್ಮ ಮೈಯಲ್ಲೇ ಹುಟ್ಟಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಅವರ ಶಿಷ್ಯ ಸೆರ್ಜಿಯೊ ಫೆರೇರಾ ಅದೇ ಹಾವಿನ ವಿಷದಲ್ಲಿ ಬ್ರಾಡಿಕೈನಿನ್ ಕರಗದಂತೆ ತಡೆಯುವ ಅಂಶವನ್ನು ಹುಡುಕಿದರು. ಆ ಎಳೆ ಹಿಡಿದು ಹೊರಟವರು ಕ್ಯಾಪ್ಟೋಪ್ರಿಲ್ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಗುಣವೂ ಅಲ್ಲೇ, ದೋಷವೂ ಅಲ್ಲೇ. ಕರಗದೆ ಉಳಿದ ಬ್ರಾಡಿಕೈನಿನ್ ಕೆಲವರಲ್ಲಿ ಒಣ ಕೆಮ್ಮು ತರುತ್ತದೆ. ಸಾವಿರದಲ್ಲಿ ಕೆಲವರಿಗೆ ತುಟಿ, ನಾಲಿಗೆ, ಗಂಟಲನ್ನು ಊದಿಸುತ್ತದೆ. ಶುರುಮಾಡಿದ ವಾರದಲ್ಲೇ ಆಗಬಹುದು, ಐದಾರು ವರ್ಷ ಏನೂ ಆಗದೆ ಒಂದು ಬೆಳಿಗ್ಗೆ ಆಗಬಹುದು. ಹಾಗಾಗಿ ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. "ಅದು ಹಳೇ ಗುಳಿಗಿ ಬಿಡ್ರಿ" ಅನ್ನುತ್ತಾರೆ.

ಈ ಬಾವಿಗೆ ಎವಿಲ್ ಡೆಕ್ಸಾ ನಾಟುವುದಿಲ್ಲ, ಅಡ್ರಿನಲಿನ್ ಕೂಡ ನೆಚ್ಚುವ ಹಾಗೆ ಕೆಲಸ ಮಾಡುವುದಿಲ್ಲ. ಹಾಗೆಂದು ಯಾವ ಬಾವು ಎಂದು ತಿಳಿಯದಿದ್ದಾಗ ಅಡ್ರಿನಲಿನ್ ಕೊಡುವುದರಲ್ಲಿ ತಪ್ಪಿಲ್ಲ. ಕೊಟ್ಟು, ಅದರ ದಾರಿ ನೋಡುತ್ತ ಕೂರುವುದು ತಪ್ಪು. ಹುಟ್ಟಿನಿಂದಲೇ ಸಿ1 ಇನ್‌ಹಿಬಿಟರ್ ಎಂಬ ತಡೆಪ್ರೋಟೀನಿನ ಕೊರತೆ ಇರುವ ಮನೆತನಗಳಲ್ಲೂ ಇದೇ ರೀತಿಯ ಬಾವು ಬರುತ್ತದೆ. ಅಜ್ಜಿಗೆ ಬಂದದ್ದು, ಅಪ್ಪನಿಗೆ ಬಂದದ್ದು, ಈಗ ಮಗಳಿಗೆ. ಅದಕ್ಕೆಂದೇ ಮಾಡಿದ ಸೂಜಿಗಳು ಬಲು ದುಬಾರಿ, ನಮ್ಮ ತಾಲ್ಲೂಕುಗಳಲ್ಲಿ ಅವುಗಳ ಕನಸು ಬೇಡ. ಬ್ಲಡ್ ಬ್ಯಾಂಕಿನ ಪ್ಲಾಸ್ಮಾ ಕೆಲಸಕ್ಕೆ ಬರುತ್ತದೆ. ಬಾಣಂತಿಯರ ರಕ್ತಸ್ರಾವಕ್ಕೆಂದು ಹೆರಿಗೆ ಕೋಣೆಯಲ್ಲಿಟ್ಟ ಟ್ರಾನೆಕ್ಸಾಮಿಕ್ ಆ್ಯಸಿಡ್ಡನ್ನೂ ಕೆಲವು ವೈದ್ಯರು ಕೊಡುತ್ತಾರೆ, ಅದರ ಪುರಾವೆ ಅಷ್ಟು ಗಟ್ಟಿಯಲ್ಲ. ಉಳಿಸುವುದು ಒಂದೇ: ಉಸಿರಿನ ದಾರಿ ಮುಚ್ಚುವ ಮುಂಚೆ, ಕೊಳವೆ ಹಾಕಬಲ್ಲ ಕೈಗಳ ಮುಂದೆ ರೋಗಿಯನ್ನು ತಲುಪಿಸುವುದು. ಈ ಕೇಸಿಗೆ ಕಲಬುರಗಿ ಬೇಕು, ಆ ಅಜ್ಜನನ್ನು ನಾವೂ ಕಳಿಸಿದೆವು. ಆದರೆ ಕಳಿಸುವುದಕ್ಕೂ ಒಂದು ರೀತಿ ಇದೆ.

ಮಲಗಿಸಿ ಕಳಿಸಬಾರದು. ಉಸಿರು ಕಟ್ಟುತ್ತಿದ್ದವನು ತಾನಾಗಿ ಮುಂದಕ್ಕೆ ಬಾಗಿ ಕೂತಿದ್ದರೆ ಹಾಗೇ ಕೂರಿಸಿ ಆಕ್ಸಿಜನ್ ಹಚ್ಚಿ ಕಳಿಸಬೇಕು. ಬಾಯಿಗೆ ಏನೂ ಹಾಕಬಾರದು, ಅರಿಸಿನದ ನೀರು, ಜೇನು, ಗುಳಿಗೆ ಯಾವುದೂ ಬೇಡ. ಬಾಡಿಗೆ ಕಾರಿನಲ್ಲಿ ಅಲ್ಲ, 108ರಲ್ಲಿ. ಮುಂಚೆಯೇ ಫೋನ್ ಮಾಡಿ ಅರಿವಳಿಕೆ ವೈದ್ಯರನ್ನೂ ಕಿವಿ-ಮೂಗು-ಗಂಟಲಿನವರನ್ನೂ ಎಬ್ಬಿಸಿರಬೇಕು. ಯಾಕೆಂದರೆ ಇಂಥ ಬಾಯಿಯಲ್ಲಿ ಕೊಳವೆ ಇಳಿಸುವುದು ಅನುಭವಸ್ಥರಿಗೂ ಕಷ್ಟ. ಇಲ್ಲೇ ನಿದ್ದೆಯ ಔಷಧ ಕೊಟ್ಟು ಪ್ರಯತ್ನಿಸಿ ಸೋತರೆ ಇದ್ದ ಉಸಿರೂ ಹೋಗುತ್ತದೆ. ಕೊನೆಗೆ ಬೇಕಾದರೆ ಗಂಟಲಮಣಿಯ ಕೆಳಗೆ ಕೊಯ್ದು ದಾರಿ ಮಾಡಬೇಕಾಗುತ್ತದೆ, ಅದಕ್ಕೆ ಬೇಕಾದ ಬ್ಲೇಡು, ಕೊಳವೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಡಬ್ಬಿಯಲ್ಲಿ ಕೂಡಿಟ್ಟಿರಬೇಕು.

ಯಾರನ್ನು ಓಡಿಸಬೇಕು, ಯಾರನ್ನು ನೋಡುತ್ತ ಕೂರಬಹುದು? ದನಿ ಬದಲಾದರೆ ಓಡಿಸಿ. ಬಿಸಿ ಭಜಿ ಬಾಯಲ್ಲಿಟ್ಟುಕೊಂಡು ಮಾತಾಡಿದಂತೆ ಕೇಳುತ್ತದೆ. ಜೊಲ್ಲು ನುಂಗಲಾಗದೆ ಸೋರುತ್ತಿದ್ದರೆ ಓಡಿಸಿ. ಉಸಿರು ಒಳಗೆಳೆಯುವಾಗ ಕೀಚು ಸದ್ದು ಬಂದರೆ ಆಗಲೇ ತಡವಾಗಿದೆ. ಬೆರಳಿಗೆ ಸಿಕ್ಕಿಸುವ ಆ ಸಣ್ಣ ಯಂತ್ರವನ್ನು ಮಾತ್ರ ನಂಬಬೇಡಿ. ಕೋವಿಡ್ ಕಾಲದಿಂದ ಎಲ್ಲರಿಗೂ ಅದರ ಅಂಕಿಯ ಮೇಲೆ ಭಕ್ತಿ. ಗಂಟಲು ಮುಕ್ಕಾಲು ಮುಚ್ಚಿದ್ದರೂ ಅದು 98 ತೋರಿಸುತ್ತಿರಬಹುದು. ಅಂಕಿ ಬೀಳಲು ಶುರುವಾದ ಮೇಲೆ ನಿಮಗೆ ಉಳಿಯುವ ಹೊತ್ತು ಬಹಳ ಕಡಿಮೆ. ಜ್ವರ, ಹುಳುಕು ಹಲ್ಲು, ಗದ್ದದ ಕೆಳಗೆ ಗಟ್ಟಿ ಬಾವು ಇದ್ದು ನಾಲಿಗೆ ಮೇಲಕ್ಕೆ ಎತ್ತಿಕೊಂಡಿದ್ದರೆ ಅದು ಕೀವಿನ ಕೇಸು. ಗುಟಕಾ ಜಗಿದು ಹಲ್ಲು ಹಾಳುಮಾಡಿಕೊಂಡವರಲ್ಲಿ ನೋಡಿದ್ದೇನೆ. ಅದರ ಚಿಕಿತ್ಸೆ ಬೇರೆ, ಅವಸರ ಮಾತ್ರ ಅಷ್ಟೇ.

ನಾನು ಜಿಲ್ಲೆಯ ಆರೋಗ್ಯ ಅಧಿಕಾರಿಗಳನ್ನು ಕೇಳುವುದು ಹೊಸ ಕಟ್ಟಡವನ್ನಲ್ಲ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದ ಮೇಲೆ ಕಟ್ಟಡಗಳು ಎದ್ದಿವೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ, ಪ್ರತಿ ಖಾಸಗಿ ಕ್ಲಿನಿಕ್ಕಿನ, ಪ್ರತಿ ಕಾರ್ಖಾನೆಯ ಫಸ್ಟ್ ಏಡ್ ಕೋಣೆಯ ಗೋಡೆಗೆ ಒಂದು ಕಾಗದ ಅಂಟಿಸಲಿ: ಎಷ್ಟು, ಎಲ್ಲಿಗೆ, ಎಷ್ಟು ನಿಮಿಷಕ್ಕೆ ಮತ್ತೆ. ಅದರ ಕೆಳಗೆ ಸಿರಿಂಜೂ ಆಂಪ್ಯೂಲೂ. ಏಪ್ರಿಲ್-ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಕಿಟಕಿಯ ಮೇಲಿಟ್ಟ ಅಡ್ರಿನಲಿನ್ ಕಂದು ಬಣ್ಣಕ್ಕೆ ತಿರುಗಿ ಸತ್ವ ಕಳೆದುಕೊಳ್ಳುತ್ತದೆ. ಬೀಗ ಹಾಕಿದ ಕಪಾಟಿನೊಳಗೆ ಇಟ್ಟು ಕೀಲಿಯನ್ನು ಫಾರ್ಮಸಿಸ್ಟ್ ಮನೆಗೆ ಒಯ್ದರೆ ಅದು ಇದ್ದೂ ಇಲ್ಲದಂತೆ. ತಿಂಗಳ ಸಭೆಯಲ್ಲಿ ಎಷ್ಟು ಹೆರಿಗೆ, ಎಷ್ಟು ಆಪರೇಷನ್ ಎಂದು ಕೇಳುವ ಹಾಗೆ ರೆಫರ್ ಆದ ನಾಲಿಗೆ-ಗಂಟಲಿನ ಬಾವಿನ ಕೇಸುಗಳಲ್ಲಿ ಎಷ್ಟು ಜನರಿಗೆ ಹೊರಡುವ ಮುಂಚೆ ಸೂಜಿ ಬಿತ್ತು ಎಂದೂ ಕೇಳಲಿ. ಕೇಳುತ್ತಾರೆಂದು ಗೊತ್ತಾದರೆ ಸಾಕು, ಕೈ ತಾನೇ ಆ ಆಂಪ್ಯೂಲಿಗೆ ಹೋಗುತ್ತದೆ.

ಮೆಡಿಕಲ್ ಅಂಗಡಿಯ ತಮ್ಮಂದಿರಿಗೂ ಒಂದು ಮಾತು. 'ಪ್ರಿಲ್' ಗುಳಿಗೆಯ ಮಾಸಿದ ಹಳೇ ಚೀಟಿ ತಂದು "ಅದೇ ಗುಳಿಗಿ ಕೊಡ್ರಿ" ಅನ್ನುವವರಿಗೆ ಕೊಡುವ ಮುಂಚೆ "ಕೆಮ್ಮು ಏನರ ಅದೇನು ಕಾಕಾ, ತುಟಿ-ನಾಲಿಗಿ ಯಾವಾಗರ ಬಾತಿತ್ತೇನು?" ಎಂದು ಕೇಳಿ. ಹೌದೆಂದರೆ ಸ್ಟ್ರಿಪ್ ಒಳಗಿಟ್ಟು ಡಾಕ್ಟರ ಹತ್ತಿರ ಕಳಿಸಿ. ಇದನ್ನು ಓದುತ್ತಿರುವವರ ಮನೆಯಲ್ಲೂ ಬಿ.ಪಿ. ಗುಳಿಗೆ ಇದ್ದೀತು. ಹೆಸರು 'ಪ್ರಿಲ್' ಎಂದು ಮುಗಿದಿದೆ ಎಂಬುದಷ್ಟಕ್ಕೇ ಹೆದರಿ ನಿಲ್ಲಿಸಬೇಡಿ. ಬಿ.ಪಿ. ಏರಿ ಲಕ್ವಾ ಹೊಡೆಯುವ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಆದರೆ ಕಾರಣ ತಿಳಿಯದೆ ಒಂದೇ ಒಂದು ಸಲ ತುಟಿಯೋ ನಾಲಿಗೆಯೋ ಬಾತು ಇಳಿದಿದ್ದರೆ, ಇವತ್ತಿನ ಗುಳಿಗೆ ನುಂಗುವ ಮುಂಚೆ ಡಾಕ್ಟರಿಗೆ ಹೇಳಿ. ಅಮ್ಲೋಡಿಪಿನ್‌ನಂಥ ಬೇರೆ ಗುಳಿಗೆಗಳಿವೆ, ಬದಲಿಸಿಕೊಡುತ್ತಾರೆ. ಬದಲಿಸಿದ ಮೇಲೆ ಹಳೆಯದರ ಹೆಸರನ್ನು ಬಿ.ಪಿ. ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿ ಅಡ್ಡಗೆರೆ ಹಾಕಿಸಿ. ಊರಿಂದ ಊರಿಗೆ, ದವಾಖಾನೆಯಿಂದ ದವಾಖಾನೆಗೆ ತಿರುಗುವಾಗ ಆ ಕಾರ್ಡು ಜೊತೆಯಲ್ಲಿರಲಿ.